ನಲವತ್ತು ದಾಟಿದ ಮೇಲೆ ತೈಕೊ: ಬಚಿ, ನಿಲುವು, ಟೈರು, ಕಿವಿ. ಗೊತ್ತಿದ್ದವರು ಹೇಳಿ

ಸೌತೆಬಳ್ಳಿ:
ಯೊಕೊಹಾಮಾದಲ್ಲಿ ಮನೆ ಹತ್ತಿರದ ಸಮುದಾಯ ಭವನದಲ್ಲಿ ವಾರಕ್ಕೊಂದು ಸಂಜೆ ತೈಕೊ, ಅಂದರೆ ಜಪಾನಿನ ನಗಾರಿ, ಬಾರಿಸುವ ತಂಡ ಅಭ್ಯಾಸ ಮಾಡುತ್ತದೆ. ದೊಡ್ಡವರೂ ಹೊಸದಾಗಿ ಸೇರಬಹುದಂತೆ. ನನಗೆ ವಯಸ್ಸು 43. ಮೃದಂಗದ ಮೊದಲ ಪಾಠಗಳು ಕೈಯಲ್ಲಿವೆ, ಬಲ ಮೊಣಕಾಲು ಸ್ವಲ್ಪ ಸೂಕ್ಷ್ಮ. ಯಾವ ಬಚಿ (ಬಾರಿಸುವ ಕೋಲು) ಕೊಳ್ಳಬೇಕು? ಮೃದಂಗ ಗೊತ್ತಿದ್ದರೆ ಅನುಕೂಲವೋ ತೊಡಕೋ? ಶಿಮೆ ಎನ್ನುವ ಸಣ್ಣ ನಗಾರಿಯಿಂದ ಶುರು ಮಾಡಬೇಕೋ, ದೊಡ್ಡ ನಗಾರಿಯಿಂದಲೋ? ಅಪಾರ್ಟ್‌ಮೆಂಟಿನಲ್ಲಿ ಪಕ್ಕದವರ ನಿದ್ದೆ ಕೆಡಿಸದೆ ಅಭ್ಯಾಸ ಮಾಡುವುದು ಹೇಗೆ?

ದೊನ್‌ದೊಕೊ:
ಮೊದಲ ಕೆಲವು ತಿಂಗಳು ಒಂದು ಜೊತೆ ಬಚಿ ಬಿಟ್ಟು ಏನೂ ಕೊಳ್ಳಬೇಡಿ. ನಗಾರಿ ತಂಡದ್ದೇ ಇರುತ್ತದೆ.

ನೀವು ಹೆಚ್ಚಾಗಿ ಬಾರಿಸುವುದು ನಗಾದೊ-ದೈಕೊ. ಒಂದೇ ಬೊಡ್ಡೆ ಕೊರೆದು ಮಾಡಿದ ಉಬ್ಬು ಒಡಲು, ಎರಡೂ ಬಾಯಿಗೆ ದನದ ಚರ್ಮ, ಸುತ್ತ ಎರಡು ಸಾಲು ಮೊಳೆ. ಅಳತೆ ಇವತ್ತಿಗೂ ಶಾಕು, ಸುನ್ ಲೆಕ್ಕದಲ್ಲೇ. ಒಂದು ಶಾಕು ಎಂದರೆ 30.3 ಸೆಂ.ಮೀ., ಅದರ ಹತ್ತರಲ್ಲೊಂದು ಪಾಲು ಸುನ್. ತಂಡಗಳಲ್ಲಿ ತುಂಬ ಕಾಣುವುದು 1 ಶಾಕು 6 ಸುನ್ ಬಾಯಿಯದು, ಸುಮಾರು 48 ಸೆಂ.ಮೀ. ಅದಕ್ಕೆ 40 ಸೆಂ.ಮೀ. ಉದ್ದ, 22ರಿಂದ 25 ಮಿ.ಮೀ. ದಪ್ಪದ ಬಚಿ ಸರಿಹೋಗುತ್ತದೆ.

ಮರದ ವಿಚಾರದಲ್ಲಿ ಆತುರ ಬೇಡ. ಕಶಿ ಎನ್ನುವ ಓಕ್ ಜಾತಿಯ ಮರ ಗಟ್ಟಿ, ವರ್ಷಗಟ್ಟಲೆ ಬಾಳುತ್ತದೆ, ಆದರೆ ಭಾರ. ಹೊಸಬರು ಅದನ್ನು ಹಿಡಿದರೆ ಅರ್ಧ ಗಂಟೆಗೇ ಮುಷ್ಟಿ ಬಿಗಿಯುತ್ತದೆ. ಹಿನೋಕಿ ಹಗುರ, ಓದೈಕೊ ಎನ್ನುವ ಭಾರಿ ಗಾತ್ರದ ನಗಾರಿಗೆ ದಪ್ಪ ಬಚಿ ಮಾಡಲು ಅದೇ ಬೇಕು, ಆದರೆ ನಗಾರಿಯ ಅಂಚಿಗೆ ತಾಗಿದರೆ ಬೇಗ ಜಜ್ಜಿಹೋಗುತ್ತದೆ. ಹೋ ಮರದ್ದು ಇವೆರಡರ ನಡುವಿನ ತೂಕ, ಕಲಿಯುವವರಿಗೆ ಇದೇ ವಾಸಿ. ಕೊಳ್ಳುವಾಗ ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ ನೋಡಿ, ಕುಣಿದರೆ ಬಾಗಿದೆ ಎಂದರ್ಥ. ಎರಡನ್ನೂ ಒಂದೊಂದಾಗಿ ಮೇಜಿಗೆ ತಟ್ಟಿ ಕೇಳಿ. ನಾದದ ಎತ್ತರ ಬೇರೆಯಾದರೆ ಎರಡರ ಸಾಂದ್ರತೆ ಬೇರೆ, ಒಂದು ಕೈ ಯಾವತ್ತೂ ಭಾರವಾಗಿ ಬೀಳುತ್ತದೆ. ಸಿಬಿರು ಎದ್ದ ಕೂಡಲೇ 240 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ. ಆ ಸಿಬಿರಿನಿಂದಲೇ ಚರ್ಮ ಗೀರುವುದು, ಹಾಗೆ ಗೀರಿಸಿದವರನ್ನು ಯಾವ ತಂಡವೂ ಬೇಗ ಮರೆಯುವುದಿಲ್ಲ.

ತಿಶ್ರಗತಿ:
ಮೃದಂಗದವರಿಗೆ ಅರ್ಧ ಅನುಕೂಲ, ಅರ್ಧ ತೊಡಕು.

ಅನುಕೂಲ ಬಾಯಿಪಾಠದಲ್ಲಿ. ತೈಕೊ ಕಲಿಸುವುದು ಪೆಟ್ಟುಗಳನ್ನು ಬಾಯಲ್ಲಿ ಹೇಳಿಸುವ ಕುಚಿ ಶೋಗಾದಿಂದ, ನಮ್ಮ ಸೊಲ್ಲುಕಟ್ಟಿನ ರೀತಿಯೇ. ಚರ್ಮದ ನಡುವೆ ಒಂದು ಅಕ್ಷರಕಾಲದ ಪೆಟ್ಟು ‘ದೊನ್’. ಅದೇ ಕಾಲದಲ್ಲಿ ಎರಡು ಪೆಟ್ಟು ‘ದೊಕೊ’, ಅದಕ್ಕಿಂತ ಚುರುಕಾದ ಜೋಡಿ ‘ದೊರೊ’. ಅಂಚಿನ ಮೇಲೆ ‘ಕಾ’, ಅಂಚಿನ ಜೋಡಿ ‘ಕರ’. ಸಣ್ಣ ಪೆಟ್ಟು ‘ತ್ಸು’, ಖಾಲಿ ಜಾಗ ‘ಸು’. ಶಿಮೆಗೆ ‘ತೆನ್’, ‘ತೆಕೆ’. ತಂಡದಿಂದ ತಂಡಕ್ಕೆ ಒಂದೆರಡು ಅಕ್ಷರ ಬದಲಾಗುತ್ತವೆ, ನಿಮ್ಮ ಗುರು ಹೇಳಿದ್ದನ್ನೇ ಹಿಡಿಯಿರಿ. ಬಾಯಲ್ಲಿ ಬಾರದ್ದು ಕೈಯಲ್ಲಿ ಬರುವುದಿಲ್ಲ ಎನ್ನುವ ಶಿಸ್ತು ನಿಮಗೆ ಆಗಲೇ ಇದೆ, ಬೇರೆಯವರಿಗೆ ಇದಕ್ಕೇ ತಿಂಗಳು ಹಿಡಿಯುತ್ತದೆ.

ತೊಡಕು ಎರಡು. ಮೃದಂಗದಲ್ಲಿ ಬೆರಳು ಚರ್ಮದ ಹತ್ತಿರವೇ ಇರುತ್ತದೆ. ಇಲ್ಲಿ ಕೈ ತಲೆಯ ಮೇಲೆ ಹೋಗಿ ಬರಬೇಕು, ಆ ಪಯಣಕ್ಕೂ ಕಾಲ ಬೇಕು. ಮೃದಂಗದವರು ಪೆಟ್ಟಿನ ಕ್ಷಣವನ್ನು ಮಾತ್ರ ಲೆಕ್ಕ ಹಾಕುತ್ತಾರೆ, ಕೈ ಎತ್ತುವ ಕ್ಷಣವನ್ನು ಹಾಕುವುದಿಲ್ಲ. ಅದಕ್ಕೇ ತಡವಾಗಿ ಎತ್ತಿ, ರಭಸದಿಂದ ಇಳಿಸಿ, ನಾದ ಒಡೆಯುತ್ತದೆ. ‘ದೊನ್’ ಒಂದರಲ್ಲಿ ಬೀಳಬೇಕಾದರೆ ಅದರ ಹಿಂದಿನ ಅರ್ಧ ಅಕ್ಷರದಲ್ಲೇ ಬಚಿಯ ತುದಿ ಮೇಲಿರಬೇಕು.

ಎರಡನೆಯದು ‘ದೊಂಗೊ ದೊಂಗೊ’ ನಡೆ. ತಿಶ್ರದಲ್ಲಿ (ಮೂರರ ಎಣಿಕೆ) ನಡುವಿನ ಅಕ್ಷರ ಬಿಟ್ಟಂತೆ, ಒಂದು ಮತ್ತು ಮೂರು. ಆದರೆ ಪೂರ್ತಿ ತಿಶ್ರವೂ ಅಲ್ಲ. ಕೆಲವು ತಂಡ ಅದನ್ನು ಚತುರಶ್ರದ (ನಾಲ್ಕರ ಎಣಿಕೆ) ಕಡೆಗೆ ಸ್ವಲ್ಪ ಬಿಗಿಯುತ್ತವೆ, ಕೆಲವು ಸಡಿಲ ಬಿಡುತ್ತವೆ. ಲೆಕ್ಕ ಹಾಕಿ ಕೂರಿಸಲು ಹೋದರೆ ಕಟ್ಟಿಗೆ ಒಡೆದ ಹಾಗೆ ಕೇಳುತ್ತದೆ. ಪಕ್ಕದವರ ತೋಳು ನೋಡಿ ಕಲಿಯುವುದೇ ದಾರಿ.

ಕೈಚಳಕ ಇರುವುದರಿಂದ ಶಿಮೆಯಲ್ಲಿ ಶುರು ಮಾಡಿ ಅಂತ ನನ್ನ ಸಲಹೆ. ಶಿಮೆ ಇಡೀ ತಂಡಕ್ಕೆ ಜಿ, ಅಂದರೆ ಆಧಾರಲಯ, ಹಾಕುತ್ತದೆ, ನಮ್ಮಲ್ಲಿ ತಾಳ ಹಿಡಿದವರ ಕೆಲಸವೇ ಅದು. ಕಾಲಪ್ರಮಾಣ ಗಟ್ಟಿಯಾಗುತ್ತದೆ.

ದೊನ್‌ದೊಕೊ:
ಇದನ್ನು ಒಪ್ಪಲಾರೆ, ತಿಶ್ರಗತಿ ಅವರೇ. ಮೊದಲೇ ಲಯ ಗೊತ್ತಿರುವವರು ಶಿಮೆಗೆ ಹೋದರೆ ಅಲ್ಲೇ ಉಳಿದುಬಿಡುತ್ತಾರೆ. ಮಣಿಕಟ್ಟಿನಲ್ಲಿ ಎಲ್ಲವೂ ಸರಾಗ ನಡೆಯುವುದರಿಂದ ಸೊಂಟ, ಭುಜ, ಕಾಲು ಕಲಿಯುವುದೇ ಇಲ್ಲ. ತೈಕೊದಲ್ಲಿ ವಯಸ್ಕರಿಗೆ ಕಷ್ಟವಾಗುವುದು ಲಯವಲ್ಲ, ಮೈ. ಮೊದಲ ಆರು ತಿಂಗಳು ನಗಾದೊ ಮುಂದೆ ನಿಂತು ದೊಡ್ಡ ‘ದೊನ್’ ಒಂದನ್ನೇ ಸರಿಮಾಡಿಕೊಂಡರೆ ಶಿಮೆ ಆಮೇಲೆ ಬಂದೇ ಬರುತ್ತದೆ. ತಿರುಗಿಸಿ ಮಾಡಿದರೆ ಬರುವುದಿಲ್ಲ.

ಆ ಒಂದು ಪೆಟ್ಟನ್ನು ಬಿಡಿಸಿ ಹೇಳುತ್ತೇನೆ. ಬಚಿಯ ಬುಡದಿಂದ ಎರಡು ಬೆರಳಗಲ ಬಿಟ್ಟು ಹಿಡಿಯಿರಿ. ಕೆಲವು ಪಂಥಗಳಲ್ಲಿ ಹಿಡಿತದ ಕೀಲು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಕೆಲವದರಲ್ಲಿ ಕಿರುಬೆರಳು, ಉಂಗುರಬೆರಳಿನ ಕಡೆ. ಎರಡನ್ನೂ ಬೆರೆಸಬೇಡಿ. ಎರಡೂ ಕೈ ಚಾಚಿದಾಗ ಬಚಿಯ ತುದಿ ಚರ್ಮದ ನಟ್ಟನಡುವೆ ಸೇರುವಷ್ಟು ದೂರ ನಿಲ್ಲಿ. ಎತ್ತುವಾಗ ಮೊಣಕೈ ಮೊದಲು, ಮಣಿಕಟ್ಟು ಆಮೇಲೆ, ಕೊನೆಗೆ ಬಚಿಯ ತುದಿ ಮಾಳಿಗೆಯತ್ತ. ಇಳಿಯುವಾಗಲೂ ಅದೇ ಕ್ರಮ. ತೋಳಿನ ಭಾರ ತಾನೇ ಬೀಳಲಿ, ನೀವು ತಳ್ಳಬೇಡಿ. ತಾಗುವ ಗಳಿಗೆಯಲ್ಲಿ ಮಾತ್ರ ಬೆರಳು ಬಿಗಿದು, ತಕ್ಷಣ ಸಡಿಲಿಸಿ. ಚರ್ಮ ತಾನೇ ಬಚಿಯನ್ನು ಮೇಲಕ್ಕೆ ಕಳಿಸುತ್ತದೆ.

ಬಚಿ ಚರ್ಮಕ್ಕೆ ಬಹುಪಾಲು ಸಮಾನಾಂತರವಾಗಿ ಬೀಳಬೇಕು. ಹಿಡಿ ಮೇಲಿದ್ದು ತುದಿ ಚುಚ್ಚಿದರೆ ನಾದ ಚೂಪಾಗಿ ಸಾಯುತ್ತದೆ, ಚರ್ಮದಲ್ಲಿ ಗುಳಿ ಬೀಳುತ್ತದೆ. ಹಿಡಿ ಕೆಳಗಿಳಿದರೆ ಬಚಿಯ ನಡು ಅಂಚಿಗೆ ಬಡಿದು ಮುರಿಯುತ್ತದೆ. ಪೆಟ್ಟಿನ ಬಳಿಕವೂ ಮುಷ್ಟಿ ಬಿಗಿಯಾಗಿದ್ದರೆ ಬಚಿ ಚರ್ಮಕ್ಕೆ ಅಂಟಿ ನಾದವನ್ನು ನುಂಗುತ್ತದೆ. ಜೋರಾಗಿ ಬಡಿದರೂ ಸದ್ದು ಬರುವುದಿಲ್ಲ ಅಂತ ಇನ್ನೂ ಜೋರಾಗಿ ಬಡಿಯುವವರ ಮೂಲದೋಷ ಇದೇ.

ಎಡಗೈ ಬಗ್ಗೆ ಒಂದು ಮಾತು. ಬಹುತೇಕ ಎಲ್ಲರ ಎಡಗೈಯೂ ಬಲಗೈಗಿಂತ ಗೇಣು ಕಡಿಮೆ ಏಳುತ್ತದೆ, ಅದಕ್ಕೇ ‘ದೊಕೊ’ದ ‘ಕೊ’ ತೆಳ್ಳಗೆ ಬರುತ್ತದೆ. ಫೋನನ್ನು ಎದುರಿಗಿಟ್ಟು ಚಿತ್ರೀಕರಿಸಿ ನೋಡಿ. ಪಾಠವನ್ನೆಲ್ಲ ಎಡಗೈಯಿಂದ ಶುರು ಮಾಡಿ ಒಂದು ಸುತ್ತು ಹೆಚ್ಚುವರಿ ನುಡಿಸುವುದೇ ಇದಕ್ಕೆ ಮದ್ದು.

ಮಂಡಿಚಿಪ್ಪು:
ಫಿಸಿಯೋಥೆರಪಿ ಕಡೆಯಿಂದ ಕೆಲವು ಮಾತು. ಸಾಮಾನ್ಯ ನಿಲುವಿನಲ್ಲಿ ಎಡಗಾಲು ಮುಂದೆ, ಎಡ ಮೊಣಕಾಲು ಬಾಗಿ, ಬಲಗಾಲು ಹಿಂದೆ ನೇರ. ಸೌತೆಬಳ್ಳಿ ಅವರೇ, ನಿಮ್ಮ ಸೂಕ್ಷ್ಮದ ಕಾಲು ಬಲಗಾಲು, ಅದರ ಮೇಲೆ ಬಾಗುವ ಭಾರ ಕಡಿಮೆ. ಆದರೆ ತಿರುಚುವ ಅಪಾಯ ಇದೆ. ಬಲ ಪಾದ ಹೊರಕ್ಕೆ ತಿರುಗಿದ್ದರೆ ಮೊಣಕಾಲಿನ ಚಿಪ್ಪೂ ಅದೇ ದಿಕ್ಕಿಗೆ ನೋಡಬೇಕು. ಪಾದ ಒಂದು ಕಡೆ, ಚಿಪ್ಪು ನಗಾರಿಯ ಕಡೆ ಆದರೆ ಒಳಬದಿಯ ಕಟ್ಟು ಎಳೆಯುತ್ತದೆ. ಮೊಣಕಾಲನ್ನು ಕಲ್ಲಿನಂತೆ ಲಾಕ್ ಮಾಡಲೂಬೇಡಿ. ಎಡ ಮೊಣಕಾಲು ಕಾಲ್ಬೆರಳಿನ ಆಚೆ ಹೋಗಬಾರದು. ಹೋಗುತ್ತಿದ್ದರೆ ಹೆಜ್ಜೆ ಅಗಲ ಸಾಲದು ಅಥವಾ ನಗಾರಿಯ ಕಟ್ಟೆ ತೀರಾ ತಗ್ಗು. ಕಟ್ಟೆ ಎತ್ತರಿಸಲು ಕೇಳುವುದರಲ್ಲಿ ಸಂಕೋಚ ಬೇಡ.

ಎರಡು ಶೈಲಿಗಳನ್ನು ಮೊದಲ ವರ್ಷ ದೂರವಿಡಿ. ಮಿಯಾಕೆ ದ್ವೀಪದ ಶೈಲಿಯಲ್ಲಿ ನಗಾರಿ ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ಅಡ್ಡ ಇರುತ್ತದೆ, ತೊಡೆ ಇಳಿಸಿ ಅಕ್ಕಪಕ್ಕ ಭಾರ ಬದಲಿಸುತ್ತ ಹೊಡೆಯಬೇಕು. ಚಿಚಿಬು ಹಬ್ಬದ ಯತಾಯಿ-ಬಯಾಶಿಯಿಂದ ಬಂದದ್ದನ್ನು ವೇದಿಕೆಯ ತಂಡಗಳು ನೆಲದಲ್ಲಿ ಕೂತು, ನಗಾರಿಯನ್ನು ಕಾಲುಗಳ ನಡುವೆ ಇಟ್ಟು, ಬೆನ್ನು ಹಿಂದಕ್ಕೆ ಬಾಗಿಸಿ ಬಾರಿಸುತ್ತವೆ. ಹೊಟ್ಟೆಯ ಸ್ನಾಯು ಸೋತ ಕ್ಷಣದಲ್ಲಿ ಭಾರವೆಲ್ಲ ಕೆಳಬೆನ್ನಿಗೆ ಬೀಳುತ್ತದೆ.

ಮೊಣಕೈಯ ಹೊರಬದಿ ನೋವು ಬಂದರೆ ಅದು ಟೆನಿಸ್ ಎಲ್ಬೋ ಬಗೆಯದು. ಕಾರಣ ದೊನ್‌ದೊಕೊ ಹೇಳಿದ ಬಿಗಿ ಮುಷ್ಟಿಯೇ. ಪಟ್ಟಿ ಸುತ್ತಿಕೊಂಡು ಮುಂದುವರಿಯಬೇಡಿ. ಮರುದಿನವೂ ನೋವಿದ್ದರೆ ಆ ವಾರ ಬಾಯಿಪಾಠ ಮಾತ್ರ. ಬೊಬ್ಬೆ ಸಾಮಾನ್ಯವಾಗಿ ಹೆಬ್ಬೆರಳು, ತೋರುಬೆರಳಿನ ಬುಡದಲ್ಲಿ ಏಳುತ್ತದೆ. ಬೊಬ್ಬೆ ಏಳುವ ಮುಂಚೆ, ಚರ್ಮ ಕೆಂಪಾದಾಗಲೇ ಬಟ್ಟೆಯ ಟೇಪು ಸುತ್ತಿ. ಅಂಗೈಯ ನಡುವೆ ಬೊಬ್ಬೆ ಎದ್ದರೆ ಮಾತ್ರ ಹಿಡಿತವೇ ತಪ್ಪು.

ಕೆರೆಏರಿ:
ಕಿವಿಯ ಬಗ್ಗೆ ಯಾರೂ ಹೇಳಲಿಲ್ಲ. ಮುಚ್ಚಿದ ಸಭಾಂಗಣದಲ್ಲಿ ಹತ್ತು ನಗಾರಿ ಒಟ್ಟಿಗೆ ನುಡಿದರೆ ಸದ್ದು 100 ಡೆಸಿಬಲ್ ಸುಲಭವಾಗಿ ದಾಟುತ್ತದೆ. ಕೆಲಸದ ಜಾಗದ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಮಿತಿ 8 ಗಂಟೆಗೆ 85 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿಕೆಗೂ ಸಮಯ ಅರ್ಧವಾಗುತ್ತದೆ. ಹಾಗೆ ಇಳಿಯುತ್ತ ಬಂದರೆ 100 ಡೆಸಿಬಲ್‌ಗೆ ಸಿಗುವುದು 15 ನಿಮಿಷ. ನಿಮ್ಮ ಪಾಠ ಎರಡು ಗಂಟೆಯದ್ದು.

ನಗಾದೊದ ಗುಡುಗು ಎದೆಗೆ ತಾಗುವುದರಿಂದ ಜನ ಅದಕ್ಕೆ ಹೆದರುತ್ತಾರೆ. ನಿಜಕ್ಕೂ ಕಿವಿಯನ್ನು ಹೆಚ್ಚು ಕೆಡಿಸುವುದು ಶಿಮೆ ಮತ್ತು ಅತಾರಿಗಾನೆ ಎನ್ನುವ ಕಂಚಿನ ಜಾಗಟೆಯ ಮೊನಚು ನಾದ. ಕಿವಿಗೆ ಹಾಕುವ ಸ್ಪಂಜಿನ ಬಿರಡೆ ಮೇಲಿನ ಸ್ವರಗಳನ್ನೆಲ್ಲ ನುಂಗಿ ಗುರುವಿನ ಮಾತೂ ಕೇಳದಂತೆ ಮಾಡುತ್ತದೆ, ಅದಕ್ಕೇ ಅರ್ಧಕ್ಕೇ ಕಿತ್ತು ಜೇಬಿಗೆ ಹಾಕುತ್ತಾರೆ. ಸಂಗೀತಗಾರರಿಗೆಂದೇ ಮಾಡಿದ, ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುವ ಬಿರಡೆ ಕೊಳ್ಳಿ. ಬಚಿಗಿಂತ ಮೊದಲು ಕೊಳ್ಳಬೇಕಾದ್ದು ಅದು.

ಬಡಿಗೇರ_ಸ್ಯಾನ್‌ಹೋಸೆ:
ಮನ್ಯಾಗ ಅಭ್ಯಾಸಕ್ಕ ಟೈರಿನ ಮಾತು ನಾ ಹೇಳ್ತೀನ್ರಿ. ಅಮೆರಿಕಾದಾಗ ಎಷ್ಟೋ ತಂಡ ಹಳೇ ಕಾರಿನ ಟೈರಿನ ಮ್ಯಾಲೇ ಕಲಸ್ತಾವ. 14 ಇಲ್ಲಾ 15 ಇಂಚಿಂದು ಸಾಕು. ಸೋಪಿನ ನೀರಾಗ ತಿಕ್ಕಿ ತೊಳದು, ಎರಡು ದಿನ ಒಣಗಸ್ರಿ, ಹಸಿ ಇದ್ರ ಟೇಪು ಹಿಡಿಯೂದಿಲ್ಲ. ಪಾರ್ಸಲ್‌ಗೆ ಹಚ್ಚತಾರಲ್ಲ, ಆ ಅಗಲ ಪ್ಲಾಸ್ಟಿಕ್ ಟೇಪು ತಗೊಂಡು, ಬಾಯಿ ಮ್ಯಾಲಿಂದ ಅಡ್ಡ ಎಳದು, ಹಿಂದಿನಿಂದ ಸುತ್ತಿ ಮತ್ತ ಮುಂದ ತರ್ರಿ. ಪ್ರತಿ ಸುತ್ತಿಗೂ ಟೈರು ಸ್ವಲ್ಪ ತಿರಗಸ್ಕೋತ ಹೋಗ್ರಿ. ಪೂರ್ತಿ ಬಾಯಿ ಮುಚ್ಚಿದ ಮ್ಯಾಲೆ ಇನ್ನೂ ಒಂದೆರಡು ಪದರ ಬೇಕು. ಎಳಿಯೂದ್ರಾಗ ಎಲ್ಲಾ ಐತಿ: ಸಡಿಲ ಆದ್ರ ಬಚಿ ಪುಟಿಯೂದಿಲ್ಲ, ಪುಟಿಯಲಾರದ ಮ್ಯಾಲೆ ಕೈ ತಪ್ಪು ಕಲೀತದ. ‘ಕಾ’ಕ್ಕ ರಬ್ಬರಿನ ಅಂಚು ಐತಿ. ಹೊಕ್ಕಳಕಿಂತ ಸ್ವಲ್ಪ ಕೆಳಗ ಬರೂ ಹಂಗ ಸ್ಟೂಲಿನ ಮ್ಯಾಲೆ ಇಡ್ರಿ.

ಅಪಾರ್ಟ್‌ಮೆಂಟಿನಾಗ ಸದ್ದು ಗಾಳ್ಯಾಗಿಂದ ಅಲ್ಲ, ನೆಲದಿಂದ ಇಳೀತದ. ಸ್ಟೂಲಿನ ಕಾಲಿನ ಕೆಳಗ ದಪ್ಪ ರಬ್ಬರ್ ಚಾಪಿ ಹಾಕ್ರಿ, ಟೈರಿನ ಮ್ಯಾಲೆ ಮಡಚಿದ ಟವೆಲ್ ಹಾಸ್ರಿ. ಬರೇ ಗಾಳ್ಯಾಗ ಬೀಸೂದು ಮಾತ್ರ ಬ್ಯಾಡ್ರಿ. ಪುಟಿತ ಇಲ್ಲದಕ್ಕ ಬಚಿ ನಿಲ್ಸೂ ಕೆಲಸ ಪೂರ್ತಿ ಮೊಣಕೈಗೆ ಬರ್ತದ.

ಇನ್ನ ಕಲತ ಮ್ಯಾಲೆ ನಗಾರಿ ಮಾಡೂ ಆಸೆ ಬರೂದು ಸಹಜ. ಜಪಾನಿನಾಗ ಒಡಲಿಗೆ ಕೆಯಾಕಿ ಮರದ ಬೊಡ್ಡಿ, ಅದು ವರ್ಷಗಟ್ಟಲೆ ಒಣಗಬೇಕು, ಬೆಲಿನೂ ಹಂಗ ಐತಿ. ಲಾಸ್ ಏಂಜಲೀಸ್‌ನ ಸೆನ್‌ಶಿನ್ ಬೌದ್ಧ ದೇವಸ್ಥಾನದ ಕಿನ್ನಾರಾ ತಂಡದವರು 1969ರಿಂದ ಈಚೆಗೆ ದ್ರಾಕ್ಷಿ ಮದ್ಯದ ಓಕ್ ಪೀಪಾಯಿಯಿಂದ ಮಾಡೂ ದಾರಿ ತೋರಿಸಿದ್ರು. ಪೀಪಾಯಿ ಬಿಚ್ಚೂ ಮೊದಲು ಪ್ರತಿ ಹಲಗಿಗೂ ನಂಬರ್ ಬರೀರಿ. ಒಳಗ ಸುಟ್ಟ ಪದರ ಕೆರದು ತಗೀರಿ, ಇಲ್ಲಾಂದ್ರ ಅಂಟು ಹಿಡಿಯೂದಿಲ್ಲ. ಮರದಂಟು ಹಚ್ಚಿ, ಬಿಗಿಪಟ್ಟಿ ಹಾಕಿ ಜೋಡಸ್ರಿ. ಎಲ್ಲಿ ಸಂದು ಉಳೀತದೋ ಅಲ್ಲಿ ಮುಂದ ಗುಂಯ್ ಅಂತ ಅಪಸ್ವರ ಬರ್ತದ.

ಹಸಿಚರ್ಮ ಮೆತ್ತಗಾಗೂತನಾ ನೀರಾಗ ನೆನಸ್ರಿ. ದನದ ಬೆನ್ನೆಲುಬಿನ ಗೆರಿ ಬಾಯಿಯ ನಟ್ಟನಡುವ ಹೋಗಬೇಕು, ಇಲ್ಲಾಂದ್ರ ಒಂದು ಬದಿ ದಪ್ಪ, ಒಂದು ಬದಿ ತೆಳು ಆಗಿ ಎಳತ ಹೆಚ್ಚುಕಮ್ಮಿ ಆಗ್ತದ. ಅಂಚಿನಾಗ ತೂತು ಹಾಕಿ, ಗೂಟ ಸಿಗಿಸಿ, ಹಗ್ಗದಿಂದ ಕೆಳಗಿನ ಚೌಕಟ್ಟಿಗೆ ಕಟ್ರಿ. ಒಡಲಿನ ಕೆಳಗ ಕಾರು ಎತ್ತೂ ಜ್ಯಾಕ್ ಇಟ್ಟು ಏರಸ್ರಿ. ಒಮ್ಮೆಲೇ ಏರಸಬ್ಯಾಡ್ರಿ. ಸ್ವಲ್ಪ ಏರಸಿ, ಮರದ ಸುತ್ತಿಗಿಯಿಂದ ಚರ್ಮ ಬಡದು, ಸಡಿಲಾದ ಹಗ್ಗ ಬಿಗದು, ಮತ್ತ ಏರಸೂದು. ಒಣಗೂ ಮುಂದ ನಾದ ಏರ್ತದ, ಆದ್ರ ಬಾರಸ್ಕೋತ ಹೋದ್ರ ತಿಂಗಳಾಗ ಇಳೀತದ. ಅದಕ್ಕ ಬೇಕಾದ್ದಕ್ಕಿಂತ ಸ್ವಲ್ಪ ಎತ್ತರಕ್ಕ ನಾದ ನಿಲ್ಸೂದು. ಮೊಳಿ ಎರಡು ಸಾಲಿನಾಗ, ಒಂದಕ್ಕೊಂದು ತಪ್ಪಿಸಿ ಹೊಡೀರಿ. ಒಂದೇ ಗೆರ್‍ಯಾಗ ಸಾಲಾಗಿ ಹೊಡದ್ರ ಹಲಗಿ ಸೀಳ್ತದ.

ಸೌತೆಬಳ್ಳಿ:
ಎಲ್ಲರಿಗೂ ವಂದನೆ. ಹಾಗಾದರೆ ನಗಾದೊದಿಂದಲೇ ಶುರು ಮಾಡುತ್ತೇನೆ. ಇನ್ನೊಂದು ಪ್ರಶ್ನೆ: ತಂಡಕ್ಕೆ ಸೇರಿದ ಮೇಲೆ ಅವರ ಬಂದಿಶ್‌ಗಳನ್ನು ಇಲ್ಲಿನ ಕನ್ನಡಿಗರ ಕಾರ್ಯಕ್ರಮದಲ್ಲಿ ನುಡಿಸಬಹುದೇ? ಸಾವಿರ ವರ್ಷದ ಪರಂಪರೆ, ಯಾರ ಸೊತ್ತೂ ಅಲ್ಲ ಎಂದುಕೊಂಡಿದ್ದೆ.

ತಿಶ್ರಗತಿ:
ನಗಾರಿ ಹಳೆಯದು, ಆದರೆ ನೀವು ಕಲಿಯುವ ಪ್ರಕಾರ ಹಳೆಯದಲ್ಲ. ಬೇರೆಬೇರೆ ಗಾತ್ರದ ನಗಾರಿಗಳನ್ನು ಒಂದು ಮೇಳವಾಗಿ ಜೋಡಿಸುವ ಕುಮಿ-ದೈಕೊ ಬೆಳೆದದ್ದು 1951ರಲ್ಲಿ ನಗಾನೊ ಪ್ರಾಂತ್ಯದ ಸುವಾದಲ್ಲಿ ಓಗುಚಿ ದೈಹಾಚಿ ಕಟ್ಟಿದ ಓಸುವಾ ದೈಕೊ ತಂಡದಿಂದ. ಅವರು ಜಾಜ್ ಡ್ರಮ್ ನುಡಿಸುತ್ತಿದ್ದವರು, ಒಂದು ಡ್ರಮ್ ಸೆಟ್ಟಿನ ಕೆಲಸವನ್ನು ಹಲವರಿಗೆ ಹಂಚಿದರು. ಟೋಕಿಯೊದ ಸುಕೆರೊಕು ತಂಡದಿಂದ ಓರೆ ಕಟ್ಟೆಯ ಮೇಲಿನ ಚುರುಕು ಚಲನೆ ಬಂತು. ಸಾದೊ ದ್ವೀಪದಲ್ಲಿ ನೆಲೆಸಿದ್ದ ಒಂದೆಕೊಜಾ ತಂಡದವರಿಂದ 1981ರಲ್ಲಿ ಕೊದೊ ತಂಡ ಹುಟ್ಟಿತು. ತನಾಕಾ ಸೆಯಿಚಿ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೈಕೊ ಶಾಲೆ ತೆರೆದರು. ಆದ್ದರಿಂದ ನೀವು ಕಲಿಯುವ ರಚನೆಗಳಲ್ಲಿ ಹಲವಕ್ಕೆ ಹೆಸರಿರುವ ರಚನಕಾರರಿದ್ದಾರೆ. ಊರಹಬ್ಬದಿಂದ ಬಂದ ನುಡಿತಕ್ಕೂ ಆಯಾ ಊರಿನ ಸಂರಕ್ಷಣಾ ಸಂಘ ಇರುತ್ತದೆ. ಗುರುವನ್ನು ಕೇಳದೆ ಹೊರಗೆ ನುಡಿಸಬೇಡಿ, ಬೇರೆಯವರಿಗೆ ಕಲಿಸಲೂಬೇಡಿ. ಕೇಳಿದರೆ ಅನುಮತಿ ಸಿಗುವುದೇ ಹೆಚ್ಚು, ಕೇಳದಿರುವುದು ಅಗೌರವ.

ದೊನ್‌ದೊಕೊ:
ಜೊತೆಗೆ ಮೊದಲ ದಿನಕ್ಕೆ ಬೇಕಾದ್ದು. ಉಂಗುರ, ಬಳೆ, ವಾಚು ತೆಗೆದಿಡಿ. ಉಗುರು ಕತ್ತರಿಸಿ. ಒಳಾಂಗಣದ ಬೂಟು ಬೇಕೋ ಬರಿಗಾಲೋ ಕೇಳಿಕೊಳ್ಳಿ. ಕಾಲು ಗಂಟೆ ಮುಂಚೆ ಹೋಗಿ ನಗಾರಿ ಹೊರತರಲು ಕೈಜೋಡಿಸಿ, ಅಲ್ಲಿ ಅದೂ ಪಾಠದ ಭಾಗವೇ. ನಗಾದೊವನ್ನು ಇಬ್ಬರು ಹಿಡಿದು ಎತ್ತಬೇಕು, ಮೊಳೆಸಾಲಿನ ಮೇಲೆ ಉರುಳಿಸಬಾರದು. ಚರ್ಮದ ಮೇಲೆ ನೀರಿನ ಬಾಟಲಿ, ಚೀಲ, ಬಚಿ ಏನೂ ಇಡಬೇಡಿ, ಅಂಗೈಯಿಂದ ಸವರಲೂಬೇಡಿ, ಬೆವರಿನ ಉಪ್ಪು ಚರ್ಮಕ್ಕೆ ಆಗದು.

ಬೋಲ್ಟಿನ ಶಿಮೆ ಬಿಗಿಯುವ ಕೆಲಸ ಹೊಸಬರಿಗೇ ಬರುತ್ತದೆ. ಒಂದೇ ಬೋಲ್ಟನ್ನು ಪೂರ್ತಿ ತಿರುಗಿಸಬೇಡಿ. ಕಾಲು ಸುತ್ತು ತಿರುಗಿಸಿ ಅದರ ಎದುರಿನದಕ್ಕೆ ಹೋಗಿ, ಹೀಗೆ ಜೋಡಿ ಜೋಡಿಯಾಗಿ. ಪ್ರತಿ ಸುತ್ತಿಗೂ ಅಂಚಿನ ಸುತ್ತ ತಟ್ಟಿ ಸ್ವರ ಒಂದೇ ಇದೆಯೇ ಕೇಳಿ. ಒಂದು ಕಡೆ ಮಾತ್ರ ಬಿಗಿದರೆ ಉಂಗುರ ಓರೆಯಾಗಿ ಚರ್ಮ ಅಲ್ಲೇ ಹರಿಯುತ್ತದೆ. ಪಾಠ ಮುಗಿದ ಮೇಲೆ ಅದೇ ಕ್ರಮದಲ್ಲಿ ಸಡಿಲಿಸಿ.

ಸೌತೆಬಳ್ಳಿ:
ಬೇಸಿಗೆಯ ಬೋನ್ ಹಬ್ಬಕ್ಕೆ ತಂಡ ಬಯಲಿನಲ್ಲಿ ನುಡಿಸುತ್ತದಂತೆ. ನಡುವೆ ಮಳೆ ಬಂದರೆ?

ಬಡಿಗೇರ_ಸ್ಯಾನ್‌ಹೋಸೆ:
ಹನಿ ಬಿದ್ದ ಕೂಡ್ಲೇ ನಿಲ್ಲಸ್ರಿ. ಹಸಿ ಚರ್ಮದ ಮ್ಯಾಲೆ ಒಂದು ಪೆಟ್ಟು ಬಿದ್ರೂ ಹಿಗ್ಗಿ ಹಂಗ ಉಳೀತದ, ಮತ್ತ ಬಿಗಿಯಾಗೂದಿಲ್ಲ. ಮೊಳಿ ಹೊಡದ ನಗಾರಿಗೆ ಬೋಲ್ಟೂ ಇಲ್ಲಲ್ರಿ. ಒಣ ಬಟ್ಟಿಯಿಂದ ಒತ್ತಿ ನೀರು ತಗೀರಿ, ತಿಕ್ಕಬ್ಯಾಡ್ರಿ. ನೆರಳಿನಾಗ, ಗಾಳಿ ಆಡೂ ಕಡೆ ಎರಡೂ ಬಾಯಿ ತೆರೆದ ಹಂಗ ಅಡ್ಡ ಇಡ್ರಿ. ಹೇರ್ ಡ್ರೈಯರ್, ಹೀಟರ್, ಬಿಸಿಲು ಯಾವುದೂ ಬ್ಯಾಡ, ಮ್ಯಾಲಿನ ಪದರ ಮೊದಲು ಒಣಗಿ ಅಂಚಿನಾಗ ಸೀಳ್ತದ. ಮರುದಿನಾನೂ ಬಾರಸೂ ಮೊದಲು ಬೆರಳಿನಿಂದ ತಟ್ಟಿ ನೋಡ್ರಿ. ದಪ್ ಅಂದ್ರ ಇನ್ನೂ ಒಂದು ದಿನ ಬಿಡ್ರಿ.